ಬಾಟಲಿಗೆ ಸುತ್ತಿದ ಟೇಪು ರಾಕೆಟನ್ನು ಎಷ್ಟು ಮೇಲೆ ಕಳಿಸುತ್ತದೆ?

ಕೇರಳದ ಶಾಲೆಗಳ ವಿಜ್ಞಾನ ಮೇಳ, ಅಂದರೆ ಶಾಸ್ತ್ರೋತ್ಸವ, ಹತ್ತಿರ ಬಂತೆಂದರೆ ನಮ್ಮ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆಯ ಮನೆಗಳಲ್ಲಿ ಖಾಲಿ ಬಾಟಲಿಗೆ ಬೆಲೆ ಬರುತ್ತದೆ. ಮೊದಲು ಶಾಲೆ, ಅಲ್ಲಿ ಗೆದ್ದರೆ ಉಪಜಿಲ್ಲೆ, ಆಮೇಲೆ ಜಿಲ್ಲೆ, ಅದೂ ದಾಟಿದರೆ ರಾಜ್ಯಮಟ್ಟ. ನೀರಿನ ರಾಕೆಟ್ ಮಾಡುವ ಮಕ್ಕಳು ಪ್ರತಿ ವರ್ಷ ಇದ್ದೇ ಇರುತ್ತಾರೆ. ಖರ್ಚು ಕಡಿಮೆ, ನೋಡಲು ಮಜಾ.

ನನ್ನ ತಂಗಿಯ ಮಗನೂ ಒಂದು ಮಾಡಿದ್ದ. ಎರಡು ಲೀಟರಿನ ಕೋಲಾ ಬಾಟಲಿ, ರಟ್ಟಿನ ರೆಕ್ಕೆ, ಸೈಕಲ್ ಪಂಪು. ಯಾರೋ ಹೇಳಿದರೆಂದು ಬಾಟಲಿಗೆ ಕಂದು ಬಣ್ಣದ ಪ್ಯಾಕಿಂಗ್ ಟೇಪನ್ನು ಆರು ಸುತ್ತು ಬಿಗಿದಿದ್ದ. ಅಂಗಳದಿಂದ ಹಾರಿಸಿ ನೋಡಿದ ಮೇಲೆ ಮುಖ ಸಣ್ಣದು ಮಾಡಿಕೊಂಡು ಬಂದ. "ಮಾವ, ಟೇಪು ಸುತ್ತಿದ ಮೇಲೂ ಮೊದಲಿನಷ್ಟೇ ಎತ್ತರ ಹೋಯ್ತಲ್ಲ?"

ಒಳ್ಳೆಯ ಪ್ರಶ್ನೆ. ಬಾಟಲಿಯನ್ನು ಗಟ್ಟಿ ಮಾಡಿದರೆ ರಾಕೆಟ್ ಜಾಸ್ತಿ ಎತ್ತರ ಹಾರುತ್ತದೆ ಎಂದು ತುಂಬ ಜನ ಹೇಳುತ್ತಾರೆ. ಮಾತು ಅರ್ಧ ಸರಿ. ಇನ್ನರ್ಧ ತಿಳಿಯಬೇಕಾದರೆ ಬುಡದಿಂದ ಶುರು ಮಾಡಬೇಕು.

ರಾಕೆಟಿಗೆ ಬಲ ಎಲ್ಲಿಂದ ಬರುತ್ತದೆ

ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು ಹಾಕುತ್ತೇವೆ. ಉಳಿದ ಜಾಗಕ್ಕೆ ಪಂಪಿನಿಂದ ಗಾಳಿ ತುಂಬುತ್ತೇವೆ. ಹೊಸ ಗಾಳಿ ಬಂದ ಹಾಗೆ ಒಳಗಿನ ಗಾಳಿ ಒತ್ತಿಕೊಂಡು ಕೂರುತ್ತದೆ. ತಲೆಕೆಳಗಾಗಿ ನಿಲ್ಲಿಸಿದ ಬಾಟಲಿಯ ಬಾಯಿ ಬಿಟ್ಟ ಕೂಡಲೇ ಆ ಗಾಳಿ ನೀರನ್ನು ಕೆಳಗೆ ತಳ್ಳುತ್ತದೆ. ನೀರು ಕೆಳಗೆ ಹಾರಿದರೆ ಬಾಟಲಿ ಮೇಲೆ ಹಾರಬೇಕು. ಗಾಳಿ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ನೀರು ಒದ್ದು ಬಿಡಲು ಸಿಕ್ಕ ಭಾರ, ಅಷ್ಟೇ.

ಗಾಳಿಯ ಒತ್ತಡವನ್ನು ಪಿಎಸ್‌ಐ ಲೆಕ್ಕದಲ್ಲಿ ಹೇಳುತ್ತೇನೆ. ಪೆಟ್ರೋಲ್ ಬಂಕಿನಲ್ಲಿ ಕಾರಿನ ಚಕ್ರಕ್ಕೆ 30, 32 ಎಂದು ಹೇಳುತ್ತೇವಲ್ಲ, ಅದೇ. ಸೀಟಿ ಹೊಡೆಯುವ ಕುಕ್ಕರಿನೊಳಗೆ ಸುಮಾರು 15 ಇರುತ್ತದೆ. ನೀರಿನ ರಾಕೆಟ್ ಹಾರಿಸುವವರು ಸಾಧಾರಣ 70ರವರೆಗೆ ಹೋಗುತ್ತಾರೆ. ಅಂದರೆ ನಾಲ್ಕು ಕುಕ್ಕರಿಗಿಂತ ಜಾಸ್ತಿ.

70 ಪಿಎಸ್‌ಐ ಇದ್ದಾಗ ನೀರು ಸೆಕೆಂಡಿಗೆ ಸುಮಾರು 31 ಮೀಟರ್ ವೇಗದಲ್ಲಿ ಹೊರಗೆ ಚಿಮ್ಮುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 110 ಕಿಲೋಮೀಟರಿನಲ್ಲಿ ಓಡುವ ಕಾರಿನ ವೇಗ ಅದು. ಬಾಟಲಿಯ ಬಾಯಿ ಸುಮಾರು 22 ಮಿಲಿಮೀಟರ್ ಅಗಲ. ಅಷ್ಟು ಬಾಯಿಂದ ಅಷ್ಟು ವೇಗದಲ್ಲಿ ನೀರು ಬಂದರೆ ಬಾಟಲಿಗೆ ಸುಮಾರು 37 ಕಿಲೋದಷ್ಟು ತಳ್ಳು ಸಿಗುತ್ತದೆ. ಆದರೆ ಈ ತಳ್ಳು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ನೀರು ಮುಗಿದ ಮೇಲೆ ಉಳಿದ ಗಾಳಿ ಒಂದು ಕೊನೆಯ ಒದೆ ಕೊಡುತ್ತದೆ. ಅಲ್ಲಿಂದ ಮೇಲೆ ರಾಕೆಟ್ ಎಸೆದ ಕಲ್ಲಿನ ಹಾಗೆ, ಸಿಕ್ಕಿದ ವೇಗದಲ್ಲೇ ಏರುತ್ತದೆ.

ಇಷ್ಟು ಹೊತ್ತು ಹೇಳಿದ ಲೆಕ್ಕದಲ್ಲಿ ಟೇಪು ಎಲ್ಲಾದರೂ ಬಂತಾ? ಇಲ್ಲ. ತಳ್ಳು ಬರುವುದು ಒತ್ತಡದಿಂದ ಮತ್ತು ಬಾಯಿಯ ಅಗಲದಿಂದ. ಹುಡುಗ ಟೇಪು ಸುತ್ತುವ ಮೊದಲು 60ಕ್ಕೆ ಪಂಪು ಮಾಡಿದ್ದ, ಸುತ್ತಿದ ಮೇಲೂ 60ಕ್ಕೇ ಮಾಡಿದ್ದ. ರಾಕೆಟ್ ಅಷ್ಟೇ ಎತ್ತರ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಸುತ್ತಿದ ಪದರ ಎತ್ತರ ಕೊಡುವುದಿಲ್ಲ. ಇನ್ನೂ ನಾಲ್ಕು ಸಲ ಪಂಪು ಒತ್ತಲು ಅದು ಅನುಮತಿ ಕೊಡುತ್ತದೆ.

ಬರಿಯ ಬಾಟಲಿಯ ತಾಕತ್ತು

ಕೋಲಾ, ಸೋಡಾ ತುಂಬುವ ಬಾಟಲಿಯನ್ನು ಪೆಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಅಮೆರಿಕದ ಡ್ಯುಪಾಂಟ್ ಕಂಪನಿಯ ಎಂಜಿನಿಯರ್ ನಥಾನಿಯಲ್ ವೈಯತ್ ಈ ಬಾಟಲಿಗೆ 1973ರಲ್ಲಿ ಪೇಟೆಂಟ್ ಪಡೆದರು. ಅವರು ಮೊದಲು ಸಾಬೂನು ನೀರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ ಜಿಂಜರ್ ಏಲ್ ತುಂಬಿ ಫ್ರಿಜ್ಜಿನಲ್ಲಿ ಇಟ್ಟು ನೋಡಿದ್ದರಂತೆ. ಬೆಳಿಗ್ಗೆ ಅದು ಊದಿಕೊಂಡು ಸಿಕ್ಕಿಹಾಕಿಕೊಂಡಿತ್ತು. ಪೆಟ್ ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಉದ್ದಕ್ಕೂ ಅಡ್ಡಕ್ಕೂ ಎಳೆದು ಊದಿದರೆ ಅದರ ಎಳೆಗಳು ಸಾಲಾಗಿ ಕೂತು ಗಟ್ಟಿಯಾಗುತ್ತವೆ. ಗುಟ್ಟು ಇಷ್ಟೇ.

ಬಿಸಿಲೂರಿನ ಅಂಗಡಿಯಲ್ಲಿ ಇಟ್ಟ ಕೋಲಾ ಬಾಟಲಿಯ ಒಳಗೇ 50–60 ಪಿಎಸ್‌ಐ ಆಸುಪಾಸು ಇರುತ್ತದೆ. ಅದಕ್ಕಿಂತ ಸಾಕಷ್ಟು ಜಾಸ್ತಿ ತಡೆಯುವ ಹಾಗೆಯೇ ಅದನ್ನು ಮಾಡಿರುತ್ತಾರೆ. ಹೊಸ, ಗೀರಿಲ್ಲದ ಎರಡು ಲೀಟರಿನ ಬಾಟಲಿ ಸಾಮಾನ್ಯವಾಗಿ 150ರ ಹತ್ತಿರ ಒಡೆಯುತ್ತದೆ. ಹಾಗೆಂದು 140ರವರೆಗೆ ಪಂಪು ಮಾಡಬಹುದು ಅಂದುಕೊಳ್ಳಬೇಡಿ. ಒಮ್ಮೆ ಉರುಳಿ ಮುರಕಲ್ಲಿಗೆ ಉಜ್ಜಿದ ಬಾಟಲಿ, ಬೇಸಗೆಯಿಡೀ ಬಿಸಿಲಿಗೆ ಬಿದ್ದ ಬಾಟಲಿ, ಹತ್ತು ಸಲ ಹಾರಿದ ಬಾಟಲಿ ಇವೆಲ್ಲ ಎಷ್ಟಕ್ಕೆ ಒಡೆಯುತ್ತವೆ ಎಂದು ಹೇಳಲು ಆಗುವುದಿಲ್ಲ. ಅದಕ್ಕೇ ಬರಿಯ ಬಾಟಲಿಗೆ 70 ಸಾಕು ಎನ್ನುವುದು. ಕುಡಿಯುವ ನೀರಿನ ತೆಳು ಬಾಟಲಿ ಈ ಕೆಲಸಕ್ಕೆ ಬೇಡವೇ ಬೇಡ.

ಬಾಟಲಿ ಉದ್ದಕ್ಕೇ ಯಾಕೆ ಸೀಳುತ್ತದೆ

ಗೊನೆಯಲ್ಲೇ ಬಿರಿದ ಬಾಳೆಹಣ್ಣು ನೋಡಿದ್ದೀರಾ? ಸೀಳು ಉದ್ದಕ್ಕೆ ಇರುತ್ತದೆ. ಅಡ್ಡಕ್ಕೆ ತುಂಡಾದ ಹಣ್ಣು ನಾನಂತೂ ನೋಡಿಲ್ಲ. ಒಳಗಿನಿಂದ ಒತ್ತಡ ಬಿದ್ದ ಉದ್ದನೆಯ ವಸ್ತು ಹೀಗೇ ಒಡೆಯುತ್ತದೆ.

ಕಾರಣ ಲೆಕ್ಕದಲ್ಲಿದೆ. ಒಳಗಿನ ಗಾಳಿ ಬಾಟಲಿಯ ಮೈಯನ್ನು ಎರಡು ಕಡೆ ಎಳೆಯುತ್ತದೆ. ಒಂದು, ಸುತ್ತಳತೆ ದೊಡ್ಡದಾಗುವ ಹಾಗೆ. ಇನ್ನೊಂದು, ತಳ ಮತ್ತು ಕುತ್ತಿಗೆ ದೂರವಾಗುವ ಹಾಗೆ. ಕೊಳವೆಯಂಥ ಆಕಾರದಲ್ಲಿ ಮೊದಲನೆಯ ಎಳೆತ ಎರಡನೆಯದರ ಸರಿಯಾಗಿ ಎರಡು ಪಟ್ಟು. ಬಾಟಲಿಯ ಗೋಡೆ ಇರುವುದು ಸುಮಾರು 0.3 ಮಿಲಿಮೀಟರ್, ದಪ್ಪ ಕಾಗದದ ಹಾಳೆಯಷ್ಟು. ಸುತ್ತಲಿನ ಎಳೆತಕ್ಕೆ ಮೊದಲು ಸೋಲುವುದು ಅದು, ಸೀಳು ಉದ್ದಕ್ಕೆ ಓಡುತ್ತದೆ.

ಹಾಗಾಗಿ ಸುತ್ತುವಾಗ ಬಳೆ ಹಾಕಿದ ಹಾಗೆ ಸುತ್ತಬೇಕು. ಟೇಪನ್ನು ಉದ್ದುದ್ದ ಅಂಟಿಸಿದರೆ ಸೀಳುವುದನ್ನು ಅದು ತಡೆಯುವುದಿಲ್ಲ. ಇದರಲ್ಲೇ ಒಂದು ಮಿತಿಯೂ ಅಡಗಿದೆ. ಬರೀ ಬಳೆಯ ಹಾಗೆ ಎಷ್ಟು ಸುತ್ತಿದರೂ ಬಾಟಲಿಯ ತಾಕತ್ತು ಹೆಚ್ಚೆಂದರೆ ಎರಡು ಪಟ್ಟಾಗಬಹುದು. ಅದಕ್ಕಿಂತ ಮೇಲೆ ಉದ್ದಕ್ಕೆ ಎಳೆಯುವ ಬಲಕ್ಕೆ ಪ್ಲಾಸ್ಟಿಕ್ಕು ಅಡ್ಡಡ್ಡ ಹರಿಯುತ್ತದೆ.

ಇದರ ಪಾಠ ನಮ್ಮ ತೋಟದಲ್ಲೇ ಇದೆ. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ಪಂಪಿನ ಪೈಪನ್ನು ಒಂದು ಕಡೆ ಕತ್ತರಿಸಿ ತುದಿ ನೋಡಿ. ಒಳಗೊಂದು ಪ್ಲಾಸ್ಟಿಕ್ ಪದರ, ಹೊರಗೊಂದು ಪದರ, ಎರಡರ ನಡುವೆ ನೂಲಿನ ಬಲೆ. ಬೆರಳಲ್ಲಿ ಸಿಪ್ಪೆ ಎಬ್ಬಿಸಿದರೆ ಬಿಳಿ ಎಳೆಗಳು ಓರೆಯಾಗಿ, ಒಂದರ ಮೇಲೊಂದು ದಾಟಿಕೊಂಡು ಹೋಗಿರುವುದು ಕಾಣುತ್ತದೆ. ಪೈಪಿನ ಉದ್ದಕ್ಕೆ ಹೋಲಿಸಿದರೆ ಆ ಓರೆ ಸುಮಾರು 55 ಡಿಗ್ರಿ ಇದ್ದರೆ ಒಳ್ಳೆಯದು ಎಂದು ಪೈಪು ಮಾಡುವವರಿಗೆ ಗೊತ್ತು. ಸುತ್ತಲಿನ ಎರಡು ಪಾಲು ಎಳೆತವನ್ನೂ ಉದ್ದದ ಒಂದು ಪಾಲು ಎಳೆತವನ್ನೂ ಒಂದೇ ನೂಲು ಹೊರಬೇಕಾದರೆ ಲೆಕ್ಕ ಬಂದು ನಿಲ್ಲುವುದು ಅಲ್ಲೇ. ನೂಲಿಲ್ಲದ ಹೂದೋಟದ ಪೈಪನ್ನು ಮದ್ದಿನ ಪಂಪಿಗೆ ಕೊಟ್ಟರೆ ಹಾವು ಇಲಿ ನುಂಗಿದ ಹಾಗೆ ಉಬ್ಬಿ ಒಡೆದೇ ಹೋಗುತ್ತದೆ.

ಯಾವುದನ್ನು ಸುತ್ತಬೇಕು?

ಇಲ್ಲಿ ಹೆಚ್ಚಿನವರು ಎಡವುವುದು. ಗಟ್ಟಿ ಇದ್ದದ್ದೆಲ್ಲ ಆಗುತ್ತದೆ ಎಂದು ತಿಳಿಯುತ್ತಾರೆ. ಗಟ್ಟಿತನಕ್ಕಿಂತ ಮೊದಲು ನೋಡಬೇಕಾದ್ದು ಎಷ್ಟು ಹಿಗ್ಗುತ್ತದೆ ಎನ್ನುವುದನ್ನು.

ಇಬ್ಬರು ಸೇರಿ ಒಂದು ಮರದ ದಿಮ್ಮಿಯನ್ನು ಹಗ್ಗದಲ್ಲಿ ಎತ್ತುತ್ತಿದ್ದಾರೆ ಎಂದುಕೊಳ್ಳಿ. ಒಬ್ಬನ ಕೈಯಲ್ಲಿ ತೆಂಗಿನ ನಾರಿನ ಹಗ್ಗ. ಇನ್ನೊಬ್ಬನ ಕೈಯಲ್ಲಿ ಸೈಕಲ್ ಟ್ಯೂಬು. ಟ್ಯೂಬಿನವನು ಎಳೆಯುತ್ತಲೇ ಇರುತ್ತಾನೆ, ಟ್ಯೂಬು ಹಿಗ್ಗುತ್ತಲೇ ಇರುತ್ತದೆ. ಭಾರವೆಲ್ಲ ಹಗ್ಗದವನ ತಲೆ ಮೇಲೆ. ಬಾಟಲಿ ಮತ್ತು ಅದರ ಮೇಲಿನ ಪದರದ ನಡುವೆ ಆಗುವುದು ಇದೇ. ಒತ್ತಡ ಏರಿದಾಗ ಬಾಟಲಿ ಸ್ವಲ್ಪ ಹಿಗ್ಗುತ್ತದೆ. ಆಗಲೇ ಪದರ ಭಾರ ಹೊರಬೇಕು. ಪದರವೂ ಆರಾಮಾಗಿ ಹಿಗ್ಗಿದರೆ ಬಾಟಲಿ ಒಂಟಿಯಾಗಿ ಒದ್ದಾಡಿ ಒಡೆಯುತ್ತದೆ.

ವಯರಿಗೆ ಸುತ್ತುವ ಇನ್ಸುಲೇಶನ್ ಟೇಪು ಇದಕ್ಕೆ ದಂಡ. ಮೀನಿನ ಗಾಳದ ನೈಲಾನ್ ದಾರವೂ ತುಂಬ ಹಿಗ್ಗುತ್ತದೆ. ಕಂದು ಪ್ಯಾಕಿಂಗ್ ಟೇಪು ಇವುಗಳಿಗಿಂತ ವಾಸಿ, ಆದರೂ ಸಹಾಯ ಅಲ್ಪ. ಉದ್ದಕ್ಕೆ ಬಿಳಿ ಎಳೆಗಳು ಕಾಣುವ ಒಂದು ಬಗೆಯ ಪ್ಯಾಕಿಂಗ್ ಟೇಪು ಸಿಗುತ್ತದಲ್ಲ, ಭಾರದ ಪೆಟ್ಟಿಗೆಗೆ ಹಾಕುವಂಥದ್ದು, ಅದರಲ್ಲಿರುವುದು ಗಾಜಿನ ನಾರು. ಅದು ಬಹಳ ಕಮ್ಮಿ ಹಿಗ್ಗುತ್ತದೆ. ಶಾಲೆಯ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಗಮ್ಮು ಕಲೆಸುವ ರಗಳೆ ಇಲ್ಲ, ವಾಸನೆ ಇಲ್ಲ, ತಪ್ಪಾದರೆ ಬಿಚ್ಚಿ ಮತ್ತೆ ಸುತ್ತಬಹುದು.

ಇದಕ್ಕಿಂತ ಮೇಲಿನದು ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ಅಂಟು. ನಮ್ಮ ಕಡಲ ಬದಿಯಲ್ಲಿ ಫೈಬರ್ ದೋಣಿ ರಿಪೇರಿ ಮಾಡುವುದು ನೋಡಿದವರಿಗೆ ಈ ಕೆಲಸ ಹೊಸದಲ್ಲ. ಬಟ್ಟೆ ಹಾಸುವುದು, ಅಂಟು ಬಳಿಯುವುದು, ಗುಳ್ಳೆ ಹೊರಗೆ ಒತ್ತುವುದು. ಗಾಜಿನ ನಾರು ಪೆಟ್ ಪ್ಲಾಸ್ಟಿಕ್ಕಿಗಿಂತ ಹತ್ತು ಪಟ್ಟಿಗೂ ಮಿಕ್ಕಿ ಬಿಗಿ. ಹಾಗಾಗಿ ಒತ್ತಡ ಬಿದ್ದ ಕೂಡಲೇ ಭಾರವನ್ನು ತನ್ನ ಮೇಲೆ ಎಳೆದುಕೊಳ್ಳುತ್ತದೆ. ಒಂದು ಎಚ್ಚರಿಕೆ ಇದೆ. ದೋಣಿಗೆ ಹಾಕುವ ಪಾಲಿಯೆಸ್ಟರ್ ರಾಳ ಗಟ್ಟಿಯಾಗುವಾಗ ಚೆನ್ನಾಗಿ ಬಿಸಿಯಾಗುತ್ತದೆ. ಪೆಟ್ ಬಾಟಲಿ 70 ಡಿಗ್ರಿ ದಾಟಿದರೆ ಮೆತ್ತಗಾಗಿ ಮುದುಡುತ್ತದೆ. ಬಿಸಿ ಗಮ್ಮಿನ ಗನ್ನಿನಿಂದ ರೆಕ್ಕೆ ಅಂಟಿಸುವವರೂ ಇದನ್ನು ನೆನಪಿಡಬೇಕು. ಎಪಾಕ್ಸಿಯನ್ನು ತೆಳ್ಳಗೆ ಬಳಿದರೆ ಈ ತೊಂದರೆ ಕಮ್ಮಿ. ಗಾಜಿನ ನಾರು ಚರ್ಮಕ್ಕೆ ತುರಿಕೆ, ಅಂಟು ಕೈಗೆ ಆಗದು. ಗ್ಲೌಸ್ ಬೇಕು, ಗಾಳಿಯಾಡುವ ಜಗಲಿ ಬೇಕು, ದೊಡ್ಡವರು ಜೊತೆಗೆ ಬೇಕು.

ಸುತ್ತುವ ಮೊದಲು ಬಾಟಲಿಗೆ ಸ್ವಲ್ಪ ಗಾಳಿ, 10 ಪಿಎಸ್‌ಐಯಷ್ಟು, ತುಂಬಿಕೊಳ್ಳಿ. ಮೈ ಬಿಗಿಯಾಗಿ ನಿಲ್ಲುತ್ತದೆ, ಪದರ ನೆರಿಗೆ ಬೀಳುವುದಿಲ್ಲ. ನೆರಿಗೆ ಬಿದ್ದ ಜಾಗದಲ್ಲಿ ಪದರ ಇದ್ದೂ ಇಲ್ಲದ ಹಾಗೆ.

ದೊಡ್ಡ ರಾಕೆಟ್ಟುಗಳಲ್ಲೂ ಇದೇ ಸಂಗತಿ. ಇಸ್ರೋದ ಪಿಎಸ್‌ಎಲ್‌ವಿಯ ಮೊದಲ ಹಂತದ ಇಂಧನದ ಕೊಳವೆ ವಿಶೇಷ ಉಕ್ಕಿನದು. ಮೂರನೇ ಹಂತದ್ದು ಕೆವ್ಲಾರ್ ಎಂಬ ನಾರನ್ನು ಸುತ್ತಿ ಮಾಡಿದ್ದು. ಮೇಲೆ ಹೋದ ಹಾಗೆ ಒಂದೊಂದು ಕಿಲೋವೂ ದುಬಾರಿ. ಅದಕ್ಕೇ ಅಲ್ಲಿ ಉಕ್ಕು ಬಿಟ್ಟು ನಾರು.

ತೂಕ ಹೆಚ್ಚಿದರೆ ಕೆಡುಕೇ?

ಖಾಲಿ ಎರಡು ಲೀಟರ್ ಬಾಟಲಿ 50 ಗ್ರಾಂ ಆಸುಪಾಸು ತೂಗುತ್ತದೆ. ಪ್ಯಾಕಿಂಗ್ ಟೇಪಿನ ಒಂದು ಪದರ ಮೈಮೇಲೆಲ್ಲ ಹಾಕಿದರೆ ಸುಮಾರು 3 ಗ್ರಾಂ. ಗಾಜಿನ ಬಟ್ಟೆ ಅಂಟಿನ ಸಮೇತ ಪದರಕ್ಕೆ 30 ಗ್ರಾಂ ಆದರೂ ಆಗುತ್ತದೆ. ಇಷ್ಟು ಭಾರ ಹೊತ್ತು ರಾಕೆಟ್ ಸೋಲುವುದಿಲ್ಲವೇ?

ಸೋಲುತ್ತದೆ ಎಂದೇ ನಾನೂ ನಂಬಿದ್ದೆ. ಒಂದು ಸಂಜೆ ಕೂತು ಲೆಕ್ಕ ಹಾಕಿದಾಗ ಬೇರೆ ಕಥೆ ಬಂತು. ಇದು ಕಾಗದದ ಮೇಲಿನ ಅಂದಾಜು, ಗಾಳಿ ಬೀಸದ ದಿನ, ನೆಟ್ಟಗೆ ಮೇಲೆ ಹಾರುವ ರಾಕೆಟಿಗೆ. ರೆಕ್ಕೆ, ಮೂಗು ಸೇರಿ 120 ಗ್ರಾಂ ಇರುವ ರಾಕೆಟ್ 70 ಪಿಎಸ್‌ಐಯಲ್ಲಿ ಸುಮಾರು 55 ಮೀಟರ್ ಏರುತ್ತದೆ. ಮೂರು ಅಡಿಕೆ ಮರ ಒಂದರ ಮೇಲೊಂದು ಇಟ್ಟಷ್ಟು. ಎರಡು ಪದರ ಗಾಜಿನ ಬಟ್ಟೆ ಹಾಕಿ 180 ಗ್ರಾಂ ಮಾಡಿ, ಅದೇ 70ರಲ್ಲಿ ಬಿಟ್ಟರೆ? ಮತ್ತೆ ಹೆಚ್ಚುಕಮ್ಮಿ 55 ಮೀಟರ್! 350 ಗ್ರಾಂ ಮಾಡಿದರೆ ಮಾತ್ರ 40ಕ್ಕಿಂತ ಕೆಳಗೆ ಇಳಿಯುತ್ತದೆ.

ಇದು ಹೇಗೆ ಎಂದು ತಿಳಿಯಬೇಕಾದರೆ ಅಡಿಕೆ ಸುಲಿದ ಅಂಗಳಕ್ಕೆ ಹೋಗಿ. ಒಣಗಿದ ಅಡಿಕೆ ಸಿಪ್ಪೆಯೊಂದನ್ನು ಜೋರಾಗಿ ಎಸೆಯಿರಿ. ಕೈಯಿಂದ ವೇಗವಾಗಿ ಹೊರಟರೂ ಹತ್ತು ಹೆಜ್ಜೆಯಲ್ಲಿ ಬಿದ್ದುಬಿಡುತ್ತದೆ. ಹಸಿ ಅಡಿಕೆ ಎಸೆಯಿರಿ, ತೋಟದ ಆಚೆ ಬೀಳುತ್ತದೆ. ತೆಂಗಿನಕಾಯಿ ಎಸೆಯಿರಿ, ಮತ್ತೆ ಹತ್ತಿರವೇ. ತೀರಾ ಹಗುರ ವಸ್ತುವನ್ನು ಗಾಳಿ ತಡೆದು ನಿಲ್ಲಿಸುತ್ತದೆ. ತೀರಾ ಭಾರದ್ದಕ್ಕೆ ನಮ್ಮ ಬಲ ಸಾಲದು. ನಡುವೆ ಒಂದು ಹದ ಇದೆ. ನೀರಿನ ರಾಕೆಟಿನ ನೀರು ಮುಗಿದ ಕ್ಷಣದಿಂದ ಅದು ಎಸೆದ ವಸ್ತುವೇ ತಾನೆ? ಹಾಗಾಗಿ ಒಂದಿಷ್ಟು ತೂಕ ಅದಕ್ಕೆ ಒಳ್ಳೆಯದೇ.

ಈಗ ಪದರದ ಲಾಭ ನೋಡಿ. ಅದೇ 180 ಗ್ರಾಂ ರಾಕೆಟನ್ನು 140 ಪಿಎಸ್‌ಐಯಲ್ಲಿ ಬಿಟ್ಟರೆ 80 ಮೀಟರಿನ ಮೇಲೆ ಹೋಗುತ್ತದೆ. ನೀರು ಹೊರಡುವ ವೇಗ ಸೆಕೆಂಡಿಗೆ 44 ಮೀಟರ್, ತಳ್ಳು 75 ಕಿಲೋದ ಹತ್ತಿರ. ಒತ್ತಡ ಎರಡು ಪಟ್ಟಾದರೂ ಎತ್ತರ ಒಂದೂವರೆ ಪಟ್ಟಿನಷ್ಟೇ. ವೇಗ ಹೆಚ್ಚಿದ ಹಾಗೆ ಗಾಳಿಯ ತಡೆ ಇನ್ನೂ ಬೇಗ ಹೆಚ್ಚುತ್ತದೆ. ಅದಕ್ಕೇ ಇದನ್ನು ಹುಚ್ಚಿನ ಹಾಗೆ ಹಚ್ಚಿಕೊಂಡವರು ಬಾಟಲಿಯನ್ನೇ ಬಿಟ್ಟು ಸಪೂರದ ಕೊಳವೆಗೆ ಹೋಗುತ್ತಾರೆ. 2015ರಲ್ಲಿ ದಕ್ಷಿಣ ಆಫ್ರಿಕದ ಕೇಪ್ ಟೌನ್ ವಿಶ್ವವಿದ್ಯಾಲಯದವರು ಕಾರ್ಬನ್ ಫೈಬರಿನ ನೀರಿನ ರಾಕೆಟನ್ನು 830 ಮೀಟರ್ ಎತ್ತರಕ್ಕೆ ಕಳಿಸಿ ಅಂದಿನ ದಾಖಲೆ ಮಾಡಿದರು.

ನನ್ನ ಬಾಟಲಿ ಒಡೆದದ್ದು ಎಲ್ಲಿ

ಹುಡುಗನಿಗೆ ಉಪದೇಶ ಮಾಡುವ ಎಷ್ಟೋ ವರ್ಷ ಮೊದಲು ನಾನೇ ಒಂದು ಬಾಟಲಿ ಒಡೆದಿದ್ದೆ. ಕೊಟ್ಟಿಗೆಯ ಅಟ್ಟದಲ್ಲಿ ಒಂದು ಬೇಸಗೆ ಕಳೆದ ಬಾಟಲಿ. ಮೈಗೆ ಗಾಜಿನ ನಾರಿನ ಟೇಪು ಚೆನ್ನಾಗಿ ಬಿಗಿದಿದ್ದೆ. ಕಾಲಿನಿಂದ ತುಳಿಯುವ ಪಂಪು, ಮುಳ್ಳು 110ರ ಹತ್ತಿರ ಇತ್ತು. ಗರ್ನಾಲು ಸಿಡಿದ ಹಾಗೆ ಸದ್ದು. ಕೊಟ್ಟಿಗೆಯಲ್ಲಿ ದನ ಹಗ್ಗ ಹರಿದುಕೊಂಡಿತು. ಬಾವಿಕಟ್ಟೆಯಿಂದ ಅಮ್ಮ ಬೈದದ್ದು ಗದ್ದೆಯ ಆಚೆ ಕೇಳಿತು.

ಹೆಕ್ಕಿ ನೋಡಿದರೆ ಟೇಪಿಗೆ ಒಂದು ಗೀರೂ ಇಲ್ಲ. ಮೈ ಹಾಗೇ ಇದೆ. ತಳ ಮಾತ್ರ ಹಾರಿಹೋಗಿದೆ. ಬಾಟಲಿಯ ತಳದಲ್ಲಿ ಐದು ಪಾದ ಇರುತ್ತವಲ್ಲ, ಅವುಗಳ ನಡುವಿನ ಬೊಟ್ಟಿನಂಥ ಜಾಗದಿಂದ ಬಿರುಕು ಹೊರಟಿತ್ತು. ಊದುವಾಗ ಆ ಜಾಗ ಹೆಚ್ಚು ಎಳೆದಿರುವುದಿಲ್ಲ. ದಪ್ಪ ಇದ್ದರೂ ಎಳೆಗಳು ಸಾಲಾಗಿ ಕೂತಿರುವುದಿಲ್ಲ, ಹಾಗಾಗಿ ಅಲ್ಲಿ ಬೇಗ ಬಿರುಕು ಬಿಡುತ್ತದೆ.

ಪದರ ಸುತ್ತಿದರೆ ಒಡೆಯುವುದು ನಿಲ್ಲುವುದಿಲ್ಲ, ಒಡೆಯುವ ಜಾಗ ಬದಲಾಗುತ್ತದೆ. ಮೈ ಗಟ್ಟಿ ಮಾಡಿದರೆ ತಳ ಹೋಗುತ್ತದೆ. ತಳಕ್ಕೆ ಬಟ್ಟೆ ಹೊದಿಸಿದರೆ ಭುಜದ ಇಳಿಜಾರು ಹೋಗುತ್ತದೆ. ಅದೂ ಗಟ್ಟಿಯಾದರೆ ಪಂಪಿನ ವಾಲ್ವು, ವಾಷರು ಕೈಕೊಡುತ್ತವೆ. ಭುಜದ ಮೇಲೆ ಟೇಪು ಕೂರಿಸುವುದು ಕಷ್ಟ, ಜಾರುತ್ತದೆ. ಸಪೂರ ಪಟ್ಟಿ ಮಾಡಿ ಓರೆಯಾಗಿ, ಮದ್ದಿನ ಪೈಪಿನ ನೂಲಿನ ಹಾಗೆ, ದಾಟಿಸಿಕೊಂಡು ಹೋಗಬೇಕು.

ಮೊದಲು ನೀರಿನಲ್ಲಿ ಪರೀಕ್ಷೆ

ಸುತ್ತಿದ ಬಾಟಲಿ ಎಷ್ಟು ತಡೆಯುತ್ತದೆ ಎಂದು ತಿಳಿಯಲು ಒಂದು ಹಳೆಯ ಉಪಾಯ ಇದೆ. ಗ್ಯಾಸಿನ ಸಿಲಿಂಡರುಗಳನ್ನೂ ಹೀಗೇ ಪರೀಕ್ಷೆ ಮಾಡುತ್ತಾರೆ. ಬಾಟಲಿಯಲ್ಲಿ ಗುಳ್ಳೆಯೂ ಉಳಿಯದ ಹಾಗೆ ಬಾಯಿತನಕ ನೀರು ತುಂಬಿ. ಆಮೇಲೆ ಪಂಪು ಮಾಡಿ.

ಗಾಳಿ ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ. ಆ ಹಿಗ್ಗುವಿಕೆಯೇ ಚೂರುಗಳನ್ನು ಎಸೆಯುವುದು. ನೀರು ಕುಗ್ಗುವುದೇ ಇಲ್ಲ ಎನ್ನುವಷ್ಟು ಕಮ್ಮಿ. ನೀರು ತುಂಬಿದ ಬಾಟಲಿ ಒಡೆದರೆ ದೊಪ್ಪೆಂದು ಸೀಳಿ, ನೀರು ಚೆಲ್ಲಿ ಅಲ್ಲಿಗೆ ಮುಗಿಯುತ್ತದೆ. ಆದರೂ ಬಾಟಲಿಯನ್ನು ಗುಂಡಿಯಲ್ಲಿಟ್ಟು ಮೇಲೆ ಗೋಣಿ ಮುಚ್ಚಿ, ಪೈಪು ಉದ್ದ ಇಟ್ಟುಕೊಂಡು ದೂರ ನಿಂತೇ ಮಾಡಿ. ಹಾರಿಸಬೇಕೆಂದಿರುವ ಒತ್ತಡಕ್ಕಿಂತ ಮೂರನೇ ಒಂದು ಪಾಲು ಜಾಸ್ತಿ ಹಾಕಿ, ಕೆಲವು ನಿಮಿಷ ಬಿಟ್ಟು ನೋಡಿ. 90ಕ್ಕೆ ಹಾರಿಸುವುದಾದರೆ 120. ನಿಂತರೆ ಸರಿ. ಒಂದೇ ಥರ ಸುತ್ತಿದ ಇನ್ನೊಂದು ಬಾಟಲಿಯನ್ನು ಒಡೆಯುವ ತನಕ ಪಂಪು ಮಾಡಿ ನೋಡಿದರೆ ಇನ್ನೂ ಒಳ್ಳೆಯದು. ಎಲ್ಲಿ ಒಡೆಯಿತು ಎನ್ನುವುದು ಎಷ್ಟಕ್ಕೆ ಒಡೆಯಿತು ಎನ್ನುವುದರಷ್ಟೇ ಮುಖ್ಯ.

ಹಾರಿಸುವಾಗ ಕನ್ನಡಕ ಹಾಕಿ, ಬಿಡುವ ಹಗ್ಗ ಹತ್ತು ಮೀಟರಾದರೂ ಇರಲಿ. ಗಾಳಿ ತುಂಬಿದ ಬಾಟಲಿಯ ಹತ್ತಿರ ಯಾವ ಕಾರಣಕ್ಕೂ ಹೋಗಬೇಡಿ. ಸೋರುತ್ತಿದೆ ಎಂದು ಬಗ್ಗಿ ನೋಡುವ ಚಟ ಎಲ್ಲರಿಗೂ ಇರುತ್ತದೆ. ದೂರದಿಂದಲೇ ಗಾಳಿ ಬಿಡುವ ವಾಲ್ವು ಇಟ್ಟುಕೊಳ್ಳಿ.

ಸಣ್ಣಪುಟ್ಟ ಲಾಭ, ನಷ್ಟ

ಪಂಪು ಮಾಡುವಾಗ ಬರಿಯ ಬಾಟಲಿ ಹಿಗ್ಗುವುದರಿಂದ ಅಂಟಿಸಿದ ರೆಕ್ಕೆ ಪಟ್ಟೆಂದು ಕಳಚಿಕೊಳ್ಳುತ್ತದೆ. ಪದರ ಹಿಗ್ಗುವುದನ್ನು ತಡೆಯುವ ಕಾರಣ ರೆಕ್ಕೆ ನಿಲ್ಲುತ್ತದೆ. ಇದು ಯಾರೂ ಲೆಕ್ಕ ಹಿಡಿಯದ ಲಾಭ. ನಷ್ಟವೆಂದರೆ, ಬಾಯಿಯ ಕಡೆಗೆ ಜಾಸ್ತಿ ಸುತ್ತಿದರೆ ರಾಕೆಟಿನ ಹಿಂಭಾಗ ಭಾರವಾಗಿ ಅದು ಗಿರಕಿ ಹೊಡೆಯುತ್ತದೆ. ನೀರು ಹಾಕದ ರಾಕೆಟನ್ನು ದಾರದಲ್ಲಿ ಅಡ್ಡಲಾಗಿ ತೂಗಿ ನೋಡಿ. ಸಮತೂಕದ ಜಾಗ ನಡುವಿಗಿಂತ ಮೂಗಿನ ಕಡೆಗೆ ಇರಬೇಕು. ಇಲ್ಲದಿದ್ದರೆ ಮೂಗಿಗೆ ಒಂದು ಮುದ್ದೆ ಜೇಡಿಮಣ್ಣು ಹಾಕಿ. ಟೇಪಿನ ತುದಿ ಎದ್ದಿದ್ದರೆ, ಗಂಟು ಗಂಟಾಗಿದ್ದರೆ ಗಾಳಿಯ ತಡೆ ಹೆಚ್ಚುತ್ತದೆ, ಅದನ್ನೂ ಒತ್ತಿ ಕೂರಿಸಿ.

ಹುಡುಗ ಈಗ ಬಾಟಲಿಯ ಭುಜದ ಮೇಲೆ ಮಾರ್ಕರಿನಲ್ಲಿ ಬರೆಯಲು ಶುರು ಮಾಡಿದ್ದಾನೆ. ಎಷ್ಟು ಪದರ, ಎಷ್ಟು ಗ್ರಾಂ, ನೀರಿನ ಪರೀಕ್ಷೆಯಲ್ಲಿ ಎಷ್ಟು ತಡೆಯಿತು, ಎಷ್ಟು ಸಲ ಹಾರಿತು. ಹತ್ತು ಗೆರೆ ಆದ ಬಾಟಲಿ ಅಮ್ಮನ ಮಲ್ಲಿಗೆ ಗಿಡಕ್ಕೆ ನೀರು ಹಾಕಲು ಹೋಗುತ್ತದೆ.